ಡೈರೆಕ್ಟರ್ ಆಗೋಕೆ ಯಾವ ಎಕ್ಸಾಂ ಬರೀಬೇಕು?

ಮಾನ್ಯ ಸಂಪಾದಕರೇ,

ಪಿಯುಸಿ ರಿಸಲ್ಟ್ ಬಂದ ವಾರ ಪೇಪರ್ ತೆಗೆದ್ರೆ ಮಕ್ಕಳ ಫೋಟೋಗಳೇ, ಮುಕ್ಕಾಲು ಪಾಲು ಡಾಕ್ಟರ್ ಇಲ್ಲ ಇಂಜಿನಿಯರ್ ಆಗ್ತೀವಿ ಅಂದಿರ್ತಾರೆ, ಅದೇನೂ ತಪ್ಪಲ್ಲ. ನನ್ನ ಮಗಳ ಕಾಲೇಜಲ್ಲಿ ಮುಂದೇನು ಓದಬೇಕು ಅಂತ ಒಂದು ಕಾರ್ಯಕ್ರಮ ಇಟ್ಟಿದ್ರು, ನಾನೂ ಹಿಂದೆ ಕೂತಿದ್ದೆ, ನೀಟ್, ಸಿಇಟಿ, ಆರ್ಮಿ, ಬ್ಯಾಂಕು ಎಲ್ಲ ಬಂತು, ವಿಜ್ಞಾನಿ ಅನ್ನೋ ಮಾತು ಒಂದ್ಸಲನೂ ಬರ್ಲಿಲ್ಲ. ವಾಪಸ್ ಬರ್ತಾ ಜೀಪಲ್ಲಿ ಮಗಳು "ಅಪ್ಪ, ದೊಡ್ಡ ಲ್ಯಾಬಿಗೆ ಡೈರೆಕ್ಟರ್ ಆಗೋಕೆ ಯಾವ ಎಕ್ಸಾಂ ಬರೀಬೇಕು" ಅಂತ ಕೇಳಿದ್ಲು. ನನಗೆ ಗೊತ್ತಿರ್ಲಿಲ್ಲ. ಆಮೇಲೆ ಹುಡುಕಿ ಓದಿದೆ, ಅದಕ್ಕೇ ಈ ಪತ್ರ.

ವಿಮಾನ ವಿಜ್ಞಾನಿ ರೊದ್ದಂ ನರಸಿಂಹ ಅವರ ಹೆಸರು ನಮ್ಮೂರಲ್ಲಿ ಹತ್ತು ಜನಕ್ಕೆ ಕೇಳಿ, ಎಷ್ಟು ಜನಕ್ಕೆ ಗೊತ್ತು ನೋಡಿ. 1933ರಲ್ಲಿ ಹುಟ್ಟಿದವರು, ಬೆಂಗಳೂರಲ್ಲೇ ಬೆಳೆದವರು, ತಂದೆ ಫಿಸಿಕ್ಸ್ ಮೇಷ್ಟ್ರು, ಕನ್ನಡದಲ್ಲಿ ವಿಜ್ಞಾನ ಬರೀತಿದ್ದವರು. ಇಂಜಿನಿಯರಿಂಗ್ ಓದ್ತಿದ್ದಾಗ ಟಾಟಾ ಇನ್‌ಸ್ಟಿಟ್ಯೂಟ್ (ಅದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ) ನೋಡೋಕೆ ಹೋಗಿ ಅಲ್ಲಿ ನಿಲ್ಲಿಸಿದ್ದ ಸ್ಪಿಟ್‌ಫೈರ್ ಯುದ್ಧವಿಮಾನ ಕಂಡಿದ್ದೇ, ಇದನ್ನೇ ಓದ್ಬೇಕು ಅಂತ ಮನಸ್ಸು ಮಾಡಿದ್ರಂತೆ. ಅಲ್ಲಿ ಮುಂದೆ ಇಸ್ರೋ ಮುಖ್ಯಸ್ಥರಾದ ಸತೀಶ್ ಧವನ್ ಗುರುಗಳು, ಆಮೇಲೆ ಧವನ್ ಓದಿದ್ದ ಅಮೆರಿಕದ ಕ್ಯಾಲ್ಟೆಕ್‌ನಲ್ಲೇ 1961ರಲ್ಲಿ ಪಿಎಚ್‌ಡಿ, ಮರುವರ್ಷ ವಾಪಸ್ ಬಂದು ಅದೇ ಇನ್‌ಸ್ಟಿಟ್ಯೂಟಲ್ಲಿ ಪಾಠ. ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿ, ನಾವೆಲ್ಲ ಎನ್ಎಎಲ್ ಅಂತೀವಲ್ಲ, ಅದರ ಡೈರೆಕ್ಟರ್ ಆಗಿದ್ದು 1984ರಲ್ಲಿ. ಅಂದ್ರೆ ಊರಿಗೆ ಬಂದ ಮೇಲೆ ಇಪ್ಪತ್ತೆರಡು ವರ್ಷ ಪಾಠ, ಸಂಶೋಧನೆ. ಮಗಳ ಪ್ರಶ್ನೆಗೆ ಉತ್ತರ ಇದೇ, ಎಕ್ಸಾಂ ಯಾವುದೂ ಇಲ್ಲ ಮಗ, ಕೆಲಸ ಇದೆ ಅಂದೆ.

ಅವರು ಡೈರೆಕ್ಟರ್ ಆಗಿ ಮಾಡಿದ್ದರಲ್ಲಿ ನನ್ನನ್ನ ಹಿಡಿದು ಕೂರಿಸಿದ್ದು ಒಂದೇ. ಆ ಕಾಲದಲ್ಲಿ ಸೂಪರ್ ಕಂಪ್ಯೂಟರ್ ಬೇಕಂದ್ರೆ ಅಮೆರಿಕದ ಒಪ್ಪಿಗೆಗೆ ಕಾಯ್ಬೇಕಿತ್ತು. ಇವರ ಲ್ಯಾಬಲ್ಲಿ 1986ರಲ್ಲಿ ಸಣ್ಣ ಪ್ರೊಸೆಸರ್‌ಗಳನ್ನೇ ಜೋಡಿಸಿ ಫ್ಲೋಸಾಲ್ವರ್ ಅಂತ ಒಂದನ್ನ ಕಟ್ಟಿದ್ರು. ನಮ್ಮ ಭಾಷೇಲಿ ಹೇಳೋದಾದ್ರೆ ಒಬ್ಬನೇ ಇಡೀ ಕಾಫಿ ತೋಟ ಕುಯ್ಯೋ ಬದಲು ನಾಲ್ಕಾರು ಜನ ಒಂದೊಂದು ಸಾಲು ಹಿಡಿದ ಹಾಗೆ. ಕಟ್ಟಿದ್ದು ವಿಮಾನದ ಸುತ್ತ ಗಾಳಿ ಹೇಗೆ ಹರಿಯುತ್ತೆ ಅನ್ನೋ ಲೆಕ್ಕಕ್ಕೆ, ಆಮೇಲೆ ಅದರಲ್ಲೇ ಹವಾಮಾನದ ಲೆಕ್ಕವನ್ನೂ ಹಾಕಿದ್ರು, ಯಾಕಂದ್ರೆ ರೆಕ್ಕೆ ಮೇಲಿನ ಗಾಳಿಗೂ ಮುಂಗಾರಿನ ಗಾಳಿಗೂ ವಿಜ್ಞಾನ ಒಂದೇ. ನಾನು ವಿಮಾನದ ವಿಷ್ಯ ಓದ್ತಿದ್ದೀನಿ ಅಂದ್ಕೊಂಡು ಕೂತವನು ಕೊನೆಗೆ ನಮ್ಮ ಮಳೆ ವಿಷ್ಯ ಓದ್ತಿದ್ದೆ.

ಕೊಡಗಿನೋರಿಗೆ ಇದು ದೂರದ ಮಾತಲ್ಲ ಸಾರ್. ನಮ್ಮನೆ ಅಂಗಳದಲ್ಲಿ ಅಪ್ಪನ ಕಾಲದ ಮಳೆಮಾಪಕ ಇದೆ, ದಿನಾ ಬೆಳಿಗ್ಗೆ ಅಳೆದು ಪುಸ್ತಕದಲ್ಲಿ ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ) ಬರೀತೀವಿ, ಮಾರ್ಚಲ್ಲಿ ಕಾಫಿ ಹೂ ಅರಳಿಸೋ ಹೂಮಳೆಗೆ ಕಾಯ್ತಾ ನಿಮ್ಮಲ್ಲೆಷ್ಟು ಸೆಂಟು ಅಂತ ಫೋನ್ ಮಾಡೋದೇ ಕೆಲಸ. 2018ರ ಆಗಸ್ಟ್ 17ರ ಸಾಲಲ್ಲಿ ಅಂಕಿ ಇಲ್ಲ. ಗುಡ್ಡ ಕುಸಿದ ಊರು ಮಕ್ಕಂದೂರು ಅಂತ ಒಂದು ಪದ ಬರೆದಿದ್ದೀನಿ ಅಷ್ಟೇ, ಅವತ್ತು ಅಳೆಯೋಕೆ ಕೈ ಬರ್ಲಿಲ್ಲ. ಮರುವರ್ಷ ತೋರದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಗುಡ್ಡ ಕುಸೀತು. ಮೋಡದೊಳಗೆ ಏನಾಗುತ್ತೆ ಅಂತ ವರ್ಷಾನುಗಟ್ಟಲೆ ತಲೆ ಕೆಡಿಸಿಕೊಂಡ ರೊದ್ದಂ ಅವರ ಹೆಸರು ಎಲ್ಲರಿಗಿಂತ ಮೊದಲು ಗೊತ್ತಿರಬೇಕಾದ್ದು ನಮಗೆ.

1993ರಲ್ಲಿ ಡೈರೆಕ್ಟರ್ ಕುರ್ಚಿ ಬಿಟ್ರೂ ಅವರು ಕೆಲಸ ಬಿಡ್ಲಿಲ್ಲ. ಜೊತೆಗಾರರ ಸಂಗಡ ನೀರಿನ ಟ್ಯಾಂಕಲ್ಲಿ ಮೋಡದಂಥದ್ದನ್ನ ಎಬ್ಬಿಸಿ ನೋಡ್ತಿದ್ರು, ಕೆಳಗಿಂದ ಚಿಮ್ಮೋ ನೀರಿಗೆ ನಡುವಲ್ಲಿ ಕರೆಂಟ್ ಹಾಯಿಸಿ ಬಿಸಿ ಕೊಡೋದು, ನಿಜವಾದ ಮೋಡದಲ್ಲಿ ಆವಿ ಹನಿಯಾಗುವಾಗ ಬಿಸಿ ಹುಟ್ಟುತ್ತಲ್ಲ ಹಾಗೆ. 2013ರಲ್ಲಿ ಪದ್ಮವಿಭೂಷಣ ಬಂತು, 2020ರ ಡಿಸೆಂಬರಲ್ಲಿ ತೀರ್ಕೊಂಡ್ರು.

ಕಾರ್ಯಪ್ಪ, ತಿಮ್ಮಯ್ಯ ಅವರ ಪ್ರತಿಮೆ ನೋಡ್ಕೊಂಡೇ ನಮ್ಮ ಮಕ್ಕಳು ಸೈನ್ಯಕ್ಕೆ ಹೋದ್ರು, ಹೋಗ್ತಾನೂ ಇದ್ದಾರೆ, ಕಣ್ಣಿಗೆ ಬಿದ್ದ ದಾರಿ ಅದು. ಲ್ಯಾಬಿನ ದಾರಿ ಕಣ್ಣಿಗೇ ಬೀಳಲ್ಲ. ಅದಕ್ಕೆ ನನ್ನ ಕೋರಿಕೆ, ವಾರಕ್ಕೊಂದು ಸಲ ಅರ್ಧ ಪುಟ ಕೊಡಿ, ಇಂಥವರು ಎಲ್ಲಿ ಓದಿದ್ರು, ಎಷ್ಟು ವರ್ಷ ಏನು ಮಾಡಿದ್ರು, ಎಲ್ಲಿ ಎಡವಿದ್ರು ಅಂತ ಬಿಡಿಸಿ ಬರೆಸಿ, ಬರೀ ಪ್ರಶಸ್ತಿ ಪಟ್ಟಿ ಬೇಡ. ಬೆಂಗಳೂರಿನವರೇ ಆಗ್ಬೇಕಂತಿಲ್ಲ, ಅಪ್ಪಂಗಳದಲ್ಲಿ ಏಲಕ್ಕಿ ಸಂಶೋಧನೆ ಇದೆ, ಚೆಟ್ಟಳ್ಳಿಯಲ್ಲಿ ಕಾಫಿದು ಇದೆ, ಅಲ್ಲಿರೋ ವಿಜ್ಞಾನಿಗಳನ್ನೂ ಮಾತಾಡಿಸಿ. ಮೊದಲನೇದು ರೊದ್ದಂ ಅವರದ್ದಾದ್ರೆ ಹತ್ತು ಪ್ರತಿ ನಾನೇ ತಗೊಂಡು ಮಗಳ ಕಾಲೇಜಿನ ನೋಟಿಸ್ ಬೋರ್ಡಿಗೆ ಒಂದು ಹಾಕಿಸಿ ಬರ್ತೀನಿ.

ಇಂತಿ,
ಒಬ್ಬ ಕಾಫಿ ಬೆಳೆಗಾರ
ಮಡಿಕೇರಿ ತಾಲ್ಲೂಕು