ಬಸ್ ಫ್ರೀ ಆಯಿತು, ಮಗುವನ್ನು ಯಾರು ನೋಡುತ್ತಾರೆ?

ಮಾನ್ಯರೇ,

ಮಗುವನ್ನು ನೋಡಿಕೊಳ್ಳುವವರಿಲ್ಲ ಅನ್ನುವ ಒಂದೇ ಕಾರಣಕ್ಕೆ ಎಷ್ಟೋ ಹೆಣ್ಣುಮಕ್ಕಳು ಕೆಲಸ ಬಿಡುತ್ತಿದ್ದಾರೆ. ನಮ್ಮ ಪಕ್ಕದ ಮನೆಯಾಕೆ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದರು. ಅತ್ತೆ ಊರಿಗೆ ಹೋದ ಮೇಲೆ ಕೆಲಸ ಬಿಟ್ಟು, ಈಗ ಹೊಸ್ತಿಲ ಮೇಲೆ ಕೂತು ಸೀರೆಗೆ ಕುಚ್ಚು ಕಟ್ಟುತ್ತಾರೆ. ಗಂಡನನ್ನು ಕೆಲಸ ಬಿಡು ಅಂತ ಯಾರೂ ಕೇಳಲಿಲ್ಲ ಬಿಡಿ. 50 ಅಥವಾ ಅದಕ್ಕಿಂತ ಜಾಸ್ತಿ ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತ 2017ರಲ್ಲೇ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಆಗಿದೆ. ಆಕೆಯ ಕಾರ್ಖಾನೆಯಲ್ಲಿ ಆ ಕೋಣೆಗೆ ಬೀಗ, ಒಳಗೆ ಬಟ್ಟೆ ಮೂಟೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಫ್ರೀ, ಒಳ್ಳೆಯದೇ, ಆದರೆ ಮಗುವನ್ನು ಎಲ್ಲಿ ಬಿಟ್ಟು ಬಸ್ ಹತ್ತುವುದು? ಕಾರ್ಮಿಕ ಇಲಾಖೆಯವರು ಮೊದಲೇ ಹೇಳದೆ ಹೋಗಿ ಈ ಕೋಣೆಗಳ ಬೀಗ ತೆಗೆಸಲಿ. ಕೈಗಾರಿಕಾ ಪ್ರದೇಶದ ಅಂಗನವಾಡಿಗಳೂ ಶಿಫ್ಟ್ ಮುಗಿಯುವವರೆಗೆ ತೆರೆದಿರಲಿ, ಆ ಹೆಚ್ಚುವರಿ ಹೊತ್ತಿಗೆ ಬೇರೆ ಕಾರ್ಯಕರ್ತೆಯನ್ನು ಸಂಬಳ ಕೊಟ್ಟೇ ನೇಮಿಸಲಿ.

– ಓದುಗರು, ಪೀಣ್ಯ, ಬೆಂಗಳೂರು