ನಮ್ಮ ದವಾಖಾನೆ ಗಾಡಿಯ ಬೆನ್ನಿಗೆ ನಿಂತವರಿಗೆ

ಮಲಪ್ರಭಾ ದಂಡೆಯಲ್ಲಿ ಹೊಳೆ ಬಂದು ಮನೆ ಕಳೆದುಕೊಂಡವರ ತಗಡಿನ ಶೆಡ್‌ಗಳಿಗೆ ಹೋಗಿಬರುತ್ತಿದ್ದ ನಮ್ಮ ದವಾಖಾನೆ ಗಾಡಿಯ ಕೆಲಸ ಮುಗಿಯಿತು. ನಾವು ನೋಡಿಕೊಳ್ಳುತ್ತಿದ್ದ ಕುಟುಂಬಗಳೆಲ್ಲ ಈಗ ಗೋಡೆ, ಬಾಗಿಲು ಇರುವ ಮನೆ ಸೇರಿವೆ. ಗಾಡಿಯಲ್ಲಿ ನರ್ಸ್ ಆಗಿದ್ದವಳು ನಾನು. ಹಾರ, ಶಾಲು ಎಲ್ಲ ಡಾಕ್ಟರಿಗೆ, ನಮಗೆ ಬಂದವು. ಅವು ಸಲ್ಲಬೇಕಾದವರು ಬೇರೆ ಇದ್ದಾರೆ. ಅವರ ಬಗ್ಗೆ ಬರೆಯದೆ ನನಗೆ ಸಮಾಧಾನವಿಲ್ಲ.

2019ರ ಆಗಸ್ಟ್ ಅದು. ಪಂಚಮಿಯ ಉಂಡಿ ಇನ್ನೂ ಡಬ್ಬಿಯಲ್ಲೇ ಇದ್ದವು. ನವಿಲುತೀರ್ಥದ ಜಲಾಶಯದಿಂದ ನೀರು ಬಿಟ್ಟರು, ಹೊಳೆ ಊರೊಳಗೆ ಬಂತು. ಕೊಣ್ಣೂರಿನ ಹತ್ತಿರ ಹುಬ್ಬಳ್ಳಿ-ವಿಜಯಪುರ ರಸ್ತೆಯೇ ಮುಳುಗಿತು. ರೋಣ ತಾಲ್ಲೂಕಿನ ಹೊಳೆಆಲೂರು, ಮೆಣಸಗಿ ಕಡೆಯೂ ಅದೇ ಗತಿ. ಜನ ಉಟ್ಟ ಬಟ್ಟೆಯಲ್ಲೇ ಊರು ಬಿಟ್ಟರು. ಅಕ್ಟೋಬರ್‌ನಲ್ಲಿ, ದೀಪಾವಳಿ ಎದುರಿಗಿರುವಾಗ, ಹೊಳೆ ಮತ್ತೆ ಬಂತು.

ವಾಂತಿಭೇದಿ, ಇಲಿಜ್ವರ, ಕೆಸರುಹುಣ್ಣು ಬರುತ್ತವೆ ಅಂತ ನಾವು ತಯಾರಾಗಿ ಹೋಗಿದ್ದೆವು. ಓಆರ್‌ಎಸ್, ಕ್ಲೋರಿನ್ ಗುಳಿಗೆ, ಡಾಕ್ಸಿಸೈಕ್ಲಿನ್, ಮುಲಾಮು, ಎಲ್ಲವೂ ಬೇಕಾದವು. ಆದರೆ ನಮಗೆ ಜಾಸ್ತಿ ಭಯ ಹುಟ್ಟಿಸಿದ್ದು ಹಳೆಯ ಕಾಯಿಲೆಗಳು. ಬಿಪಿ, ಸಕ್ಕರೆ, ಮೂರ್ಛೆ, ಟಿಬಿ. ಚೀಟಿಯೂ ಹೊಳೆ ಪಾಲು, ಗುಳಿಗೆಯೂ ಹೊಳೆ ಪಾಲು. ಮೂರ್ಛೆಯ ಗುಳಿಗೆ ಒಮ್ಮೆಲೇ ನಿಂತರೆ ಫಿಟ್ಸ್ ತಿರುಗಿ ಬರಬಹುದು. ಟಿಬಿ ಗುಳಿಗೆ ನಡುವೆ ಬಿಟ್ಟರೆ ಆಮೇಲೆ ಆ ಔಷಧವೇ ನಾಟದಂತಾಗಬಹುದು.

"ಯಾವ ಗುಳಿಗಿ ತಗೋತಿದ್ರಿ ಅಮ್ಮಾ?" ಅಂತ ಒಬ್ಬ ಅಜ್ಜಿಯನ್ನು ಕೇಳಿದೆ.

"ಬಿಳೇದು ರೀ ಅಕ್ಕಾರ. ಸಣ್ಣದು. ಮುಂಜಾನಿ ಒಂದು."

ಬಿಳಿ ಸಣ್ಣ ಗುಳಿಗೆ ನಮ್ಮ ಪೆಟ್ಟಿಗೆಯಲ್ಲೇ ಎಷ್ಟೋ ಬಗೆ ಇದ್ದವು.

ಆ ಗಂಟನ್ನು ಬಿಡಿಸಿದವರು ಆ ಊರಿನ ಮೆಡಿಕಲ್ ಅಂಗಡಿಯ ಅಣ್ಣ. ಟ್ರ್ಯಾಕ್ಟರ್ ಹತ್ತುವಾಗ ಅವರು ಉದ್ರಿ ಪುಸ್ತಕವನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಬಂದಿದ್ದರು. ಕೆಂಪು ರಟ್ಟು, ನೀರು ಕುಡಿದು ಉಬ್ಬಿದ ಹಾಳೆ. ಯಾರಿಗೆ ಯಾವ ಗುಳಿಗೆ, ಎಷ್ಟು ಪಟ್ಟಿ, ಯಾವ ತಿಂಗಳು, ಎಲ್ಲ ಅದರಲ್ಲಿತ್ತು. ಅಜ್ಜಿಯ ಹೆಸರು ಹುಡುಕಿ "ಅಮ್ಲೋಡಿಪಿನ್, ಐದರದ್ದು" ಅಂದರು. ಡಾಕ್ಟರು ಬಿಪಿ ನೋಡಿ ಅದನ್ನೇ ಶುರು ಮಾಡಿದರು. ಹೀಗೆ ಆ ಅಂಗಡಿಯ ಅಣ್ಣ ಶೆಡ್ಡಿನಿಂದ ಶೆಡ್ಡಿಗೆ ನಮ್ಮ ಜೊತೆ ಬಂದರು. ಅಂಗಡಿಯ ಮಾಲೆಲ್ಲ ನೀರಲ್ಲಿ ಕಳೆದುಕೊಂಡ ಮನುಷ್ಯ. ಬಾಕಿ ಬರೆದ ಕಡೆ ಬೆರಳು ಮುಚ್ಚಿಟ್ಟುಕೊಂಡು ಔಷಧದ ಹೆಸರು ಮಾತ್ರ ಓದುತ್ತಿದ್ದರು, ಪಕ್ಕದಲ್ಲಿ ನಿಂತವರಿಗೆ ಕಾಣಬಾರದು ಅಂತ. ಅಣ್ಣಾ, ನಿಮಗೆ ಕೈಮುಗಿಯುತ್ತೇನೆ.

ಊರಿನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕನ ಮನೆಯಲ್ಲೂ ಎದೆಮಟ್ಟ ನೀರಿತ್ತು. ಅವರೂ ಅದೇ ಶೆಡ್ಡಿನಲ್ಲಿ ಮಕ್ಕಳ ಜೊತೆ ಮಲಗುತ್ತಿದ್ದರು. ಆದರೂ ಯಾವ ಮನೆಯ ಸೊಸೆಗೆ ಎಷ್ಟನೇ ತಿಂಗಳು, ಯಾರಿಗೆ ಮೊದಲನೆಯದು ಸಿಸೇರಿಯನ್ ಆಗಿತ್ತು ಅನ್ನುವುದೆಲ್ಲ ಬಾಯಿಪಾಠ. ತಾಯಿ ಕಾರ್ಡ್ ಕಳೆದುಕೊಂಡವರಿಗೆ ಅವರ ನೆನಪೇ ಕಾರ್ಡ್ ಆಯಿತು. ದಿನ ಹತ್ತಿರ ಬಂದವರನ್ನು ನೋವು ಶುರುವಾಗುವ ತನಕ ಕಾಯದೆ ಆಸ್ಪತ್ರೆಗೆ ಸೇರಿಸಿದರು. ಕಷ್ಟದ ಹೆರಿಗೆಗಳನ್ನು ಹುಬ್ಬಳ್ಳಿಯ ಕಿಮ್ಸ್‌ಗೆ ಕಳಿಸಿದೆವು. ಅಲ್ಲಿ ರಾತ್ರಿ ಪಾಳಿಯಲ್ಲಿದ್ದ ಸಿಸ್ಟರ್‌ಗಳೇ, ನೀವು ಒಬ್ಬರನ್ನೂ ಬಾಗಿಲಲ್ಲಿ ಕಾಯಿಸಲಿಲ್ಲ. ಮರೆಯುವುದಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಶೆಡ್ಡಿನ ಹೆಣ್ಣುಮಕ್ಕಳು ಉರಿಮೂತ್ರ ಅಂತ ಮತ್ತೆ ಮತ್ತೆ ಬರುತ್ತಿದ್ದರು. ಗುಳಿಗೆ ಕೊಟ್ಟರೆ ಹೋಗುತ್ತಿತ್ತು, ಸ್ವಲ್ಪ ದಿನಕ್ಕೆ ಮತ್ತೆ ಬರುತ್ತಿತ್ತು. ಕೊನೆಗೆ ಒಬ್ಬಾಕೆ ಬಾಯಿ ಬಿಟ್ಟಳು. ಶೌಚಾಲಯದ ಕಡೆ ದೀಪವಿಲ್ಲ, ಬಾಗಿಲಿಗೆ ಚಿಲಕವಿಲ್ಲ, ರಾತ್ರಿ ಹೋಗಲು ಹೆದರಿಕೆ. ಅದಕ್ಕೆ ಸಂಜೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಪಂಚಾಯ್ತಿ ಸದಸ್ಯೆ ಅಕ್ಕನಿಗೆ ಹೇಳಿದೆವು. ಯಾರ ಆದೇಶಕ್ಕೂ ಕಾಯದೆ, ಮೈದುನನನ್ನು ಕರೆದುಕೊಂಡು ಬಂದು, ನಿಂತು ಬಲ್ಬು ಮತ್ತು ಚಿಲಕ ಹಾಕಿಸಿದರು. ಆಮೇಲೆ ಆ ಗುಳಿಗೆಯ ಖರ್ಚೇ ಕಡಿಮೆಯಾಯಿತು. ನನ್ನ ಲೆಕ್ಕದಲ್ಲಿ ಅಷ್ಟು ತಿಂಗಳಲ್ಲಿ ನಡೆದ ಒಳ್ಳೆಯ ಚಿಕಿತ್ಸೆ ಅದು.

ಕರೆಂಟ್ ಇಲ್ಲದ ಕಡೆ ಇನ್ಸುಲಿನ್ ತಂಪಾಗಿಡಲು ಗಡಿಗೆ ಕೊಟ್ಟು, ದುಡ್ಡು ಬೇಡ ಅಂದ ಕುಂಬಾರ ಮನೆತನಕ್ಕೆ, ನೀರಿನಲ್ಲಿ ಕನ್ನಡಕ ಕಳೆದುಕೊಂಡ ಹಿರಿಯರಿಗೆ ಹೊಸದು ಕೊಟ್ಟ ಹುಬ್ಬಳ್ಳಿಯ ಅಂಗಡಿಯವರಿಗೆ, "ಏನು ಬೇಕು?" ಅಂತ ಮೊದಲು ಕೇಳಿ ಆಮೇಲೆ ಸಾಮಾನು ಕಳಿಸಿದ ಪ್ರತಿಯೊಬ್ಬರಿಗೂ ಶರಣು. ಎರೆಮಣ್ಣಿನಲ್ಲಿ ಗಾಲಿ ಹೂತಾಗ ಬಂದು ದಬ್ಬಿದ ಹುಡುಗರಿಗೂ, ಬೇಸರ ಮಾಡದ ನಮ್ಮ ಡ್ರೈವರ್ ಅಣ್ಣನಿಗೂ. ತಮಗೆ ಬಂದ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ನಮಗೂ ಪಾಲಿಟ್ಟು, ಉಣ್ಣದೆ ಹೋಗಬೇಡ್ರಿ ಅಂತ ಗಾಡಿಗೆ ಅಡ್ಡ ನಿಂತ ತಾಯಂದಿರಿಗೆ ಏನು ಹೇಳಲಿ?

ಗಾಡಿ ನಿಂತರೂ ಗುಳಿಗೆ ನಿಲ್ಲಬಾರದು. ನಾವು ಬರೆದಿಟ್ಟ ಹೆಸರು, ಔಷಧದ ಪಟ್ಟಿ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದೆ. ಬಿಪಿ, ಸಕ್ಕರೆಯವರು ಗುಳಿಗೆ ಮುಗಿಯುವ ನಾಲ್ಕು ದಿನ ಮುಂಚೆಯೇ ಅದರ ಸ್ಟ್ರಿಪ್ ಹಿಡಿದುಕೊಂಡು ಅಲ್ಲಿಗೆ ಹೋಗಿ. ಓದಲು ಬಾರದ ಅಜ್ಜ, ಅಜ್ಜಿಯಂದಿರಿಗೆ ಮನೆಯ ಮಕ್ಕಳು ಇಷ್ಟನ್ನು ಓದಿ ಹೇಳಿ.