ಆ ಕಾರಿನಲ್ಲಿ ನಾನೂ ಕೂತಿರುತ್ತಿದ್ದೆ ಮಾರಾಯ

ಪ್ರೀತಿಯ ಗೆಳೆಯ,

ಫೋನ್ ಮಾಡಿದರೆ ನೀನು ಮೊದಲು ಅಮ್ಮನ ಮಂಡಿನೋವು ಕೇಳುತ್ತೀಯ, ಆಮೇಲೆ ಊರಿನ ಮಳೆ ಕೇಳುತ್ತೀಯ. ಅಷ್ಟರಲ್ಲಿ ನಾನು ಹೇಳಬೇಕು ಅಂದುಕೊಂಡಿದ್ದು ಗಂಟಲಲ್ಲೇ ಉಳಿದುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಜಾಗದಲ್ಲಿ ಯಾಕೆ ಅಂತ ಕೇಳಬೇಡ. ನಿನಗೊಬ್ಬನಿಗೇ ಆದರೆ ಅರ್ಧ ಬರೆದು ಅಳಿಸಿಬಿಡುತ್ತೇನೆ.

ಶನಿವಾರ ರಾತ್ರಿ 'ವಿಕ್ಟೋರಿಯಾ' ನೋಡಿದೆ. 2015ರ ಜರ್ಮನ್ ಸಿನಿಮಾ, ಸೆಬಾಸ್ಟಿಯನ್ ಶಿಪ್ಪರ್ ನಿರ್ದೇಶನ. ಬ್ಯಾಂಕ್ ದರೋಡೆ ಕಥೆ ಅಂತ ಕೂತೆ. 138 ನಿಮಿಷ, ಒಂದೇ ಶಾಟ್. ಎಲ್ಲೂ ಕಟ್ ಇಲ್ಲ. 2014ರ ಏಪ್ರಿಲ್ 27ರ ಬೆಳಗಿನ ಜಾವ 4.30ರ ಸುಮಾರಿಗೆ ಬರ್ಲಿನ್‌ನಲ್ಲಿ ಕ್ಯಾಮೆರಾ ಆನ್ ಮಾಡಿ, ಊರು ಪೂರ್ತಿ ಬೆಳಗಾದ ಮೇಲೆ ಆಫ್ ಮಾಡಿದ್ದಾರೆ. ಬರೆದಿಟ್ಟುಕೊಂಡಿದ್ದು 12 ಪುಟ ಅಷ್ಟೇ. ಮಾತು ಹೆಚ್ಚುಕಮ್ಮಿ ಎಲ್ಲ ನಟರೇ ಆಡಿಕೊಂಡದ್ದು. ಹೀಗೆ ಮೂರು ಸಲ ಪೂರ್ತಿ ತೆಗೆದರು, ನಾವು ನೋಡುವುದು ಮೂರನೆಯದು. ಅಷ್ಟು ಹೊತ್ತು ಕ್ಯಾಮೆರಾ ಹಿಡಿದು ಅವರ ಹಿಂದೆ ಓಡಿದವನು ಸ್ಟುರ್ಲಾ ಬ್ರಾಂಟ್ ಗ್ರೋವ್ಲೆನ್. ಸಿನಿಮಾ ಮುಗಿದ ಮೇಲೆ ಪರದೆಯಲ್ಲಿ ಮೊದಲು ಬರುವುದು ಅವನ ಹೆಸರೇ. ನಿರ್ದೇಶಕರ ಹೆಸರು ಆಮೇಲೆ. ಆ ಮರ್ಯಾದೆ ನೋಡಿ ಮನಸ್ಸು ತುಂಬಿತು.

ಆದರೆ ನಾನು ಹೇಳಬೇಕಾದದ್ದು ಅದಲ್ಲ.

ವಿಕ್ಟೋರಿಯಾ ಮ್ಯಾಡ್ರಿಡ್‌ನ ಹುಡುಗಿ. ಬರ್ಲಿನ್‌ಗೆ ಬಂದು ಮೂರು ತಿಂಗಳು. ಒಂದು ಕೆಫೆಯಲ್ಲಿ ಕೆಲಸ. ಜರ್ಮನ್ ಬರುವುದಿಲ್ಲ, ಗೆಳೆಯರಿಲ್ಲ. ರಾತ್ರಿ ಕ್ಲಬ್ಬಿನಲ್ಲಿ ಒಬ್ಬಳೇ ಕುಣಿಯುತ್ತಾಳೆ. ಹೊರಗೆ ಬಂದಾಗ ನಾಲ್ಕು ಜನ ಹುಡುಗರು ಸಿಗುತ್ತಾರೆ. ಅವರ ಇಂಗ್ಲಿಷೂ ಹರಕು ಮುರುಕು. ಬಾ, ನಮ್ಮ ಬರ್ಲಿನ್ ತೋರಿಸುತ್ತೇವೆ ಅಂತಾರೆ. ಹೋಗುತ್ತಾಳೆ. ಮುಂದೆ ಅವರಲ್ಲಿ ಸೋನೆ ಅನ್ನುವವನಿಗೆ ಕೆಫೆಯಲ್ಲಿ ಪಿಯಾನೋ ನುಡಿಸಿ ತೋರಿಸುತ್ತಾಳೆ. ಸಂಗೀತಗಾರ ಲಿಸ್ಟ್‌ನ ಮೆಫಿಸ್ಟೋ ವಾಲ್ಟ್ಸ್. ಅಲ್ಲಿಯವರೆಗೆ ಸುಮ್ನೆ ನಗುತ್ತಾ ಓಡಾಡಿಕೊಂಡಿದ್ದ ಹುಡುಗಿಯ ಕೈ ಇದ್ದಕ್ಕಿದ್ದಂತೆ ಬೇರೆ ಯಾರದ್ದೋ ಕೈಯಂತೆ ಓಡುತ್ತದೆ. ವರ್ಷಗಟ್ಟಲೆ ಬೇರೇನೂ ಮಾಡದೆ ಅಭ್ಯಾಸ ಮಾಡಿದ್ದಳು. ಕೊನೆಗೆ, ನಿನ್ನ ಕೈಯಲ್ಲಿ ಆಗಲ್ಲ ಅಂದುಬಿಟ್ಟಿದ್ದರು. ಸೋನೆ ಬಾಯಿ ಬಿಟ್ಟುಕೊಂಡು ಕೇಳುತ್ತಾನೆ. ನನಗೆ ಅಲ್ಲೇ ಭಯ ಶುರುವಾಯಿತು. ಇನ್ನು ಇವಳು ಯಾವುದಕ್ಕೂ ಬೇಡ ಅನ್ನಲ್ಲ ಅನಿಸಿತು.

ಹಾಗೇ ಆಯಿತು. ಆ ಹುಡುಗರಲ್ಲಿ ಬಾಕ್ಸರ್ ಅನ್ನುವವನನ್ನು ಜೈಲಿನಲ್ಲಿ ಕಾಪಾಡಿದವನೊಬ್ಬ ಈಗ ಋಣ ತೀರಿಸು ಅಂತ ಕೂತಿದ್ದಾನೆ. ಬ್ಯಾಂಕ್ ದೋಚಬೇಕು, ನಾಲ್ಕು ಜನ ಬೇಕೇ ಬೇಕು. ಒಬ್ಬ ಕುಡಿದು ಬಿದ್ದಿದ್ದಾನೆ. ಹಾಗಾಗಿ ಕಾರು ಓಡಿಸಲು ಇವಳು. ದರೋಡೆ ಆಗುವಾಗ ಕ್ಯಾಮೆರಾ ಬ್ಯಾಂಕಿನೊಳಗೆ ಹೋಗುವುದೇ ಇಲ್ಲ ಗೊತ್ತಾ? ಕಾರಿನಲ್ಲಿ ಅವಳ ಜೊತೆಗೇ ಇರುತ್ತದೆ. ಎಂಜಿನ್ ನಿಂತುಹೋಗುತ್ತದೆ. ಮತ್ತೆ ಸ್ಟಾರ್ಟ್ ಮಾಡಲು ನೋಡುತ್ತಾಳೆ, ಆಗಲ್ಲ. ಉಸಿರು ಮೇಲೆ ಕೆಳಗೆ. ಬಾಗಿಲು ತೆಗೆದು ನಡೆದುಬಿಟ್ಟರೆ ಮುಗಿಯಿತು, ರಸ್ತೆ ಖಾಲಿ ಇದೆ. ಅವಳು ಇಳಿಯುವುದಿಲ್ಲ.

ನೋಡಿದವರು ಕೇಳುತ್ತಾರಂತೆ, ಇಷ್ಟು ದಡ್ಡಿಯಾ ಇವಳು ಅಂತ. ನನಗೆ ಹಾಗೆ ಕೇಳಲು ಆಗಲಿಲ್ಲ.

ಪುಣೆಗೆ ಹೋದ ಮೊದಲ ಮೂರು ತಿಂಗಳು ನೆನಪಿದೆಯಾ? ನಿನಗೆ ಫೋನ್ ಮಾಡಿ ಎಲ್ಲ ಚೆನ್ನಾಗಿದೆ ಅನ್ನುತ್ತಿದ್ದೆ. ಚೆನ್ನಾಗಿರಲಿಲ್ಲ. ಮರಾಠಿ ಬರುತ್ತಿರಲಿಲ್ಲ, ಹಿಂದಿಯಲ್ಲಿ ಎರಡು ವಾಕ್ಯ ಆಡುವಷ್ಟರಲ್ಲಿ ಬೆವರು. ಭಾನುವಾರ ಇಡೀ ದಿನ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಆಗ ಪಕ್ಕದ ರೂಮಿನವನು ಮೆಸ್ಸಿನಲ್ಲಿ ನನಗಾಗಿ ಜಾಗ ಹಿಡಿದಿಡಲು ಶುರು ಮಾಡಿದ. ಬೆಂಚಿನ ಮೇಲೆ ತನ್ನ ಕರವಸ್ತ್ರ ಹಾಸಿ, ನಾನು ಬಂದ ತಕ್ಷಣ ತೆಗೆಯುತ್ತಿದ್ದ. ನೀಲಿ ಗೆರೆಯ ಕರವಸ್ತ್ರ. ಹದಿನೈದು ದಿನ ಆದ ಮೇಲೆ ಒಂದು ಸೊಸೈಟಿಯಲ್ಲಿ ಸಾಲ ತೆಗೆಯುತ್ತಿದ್ದೇನೆ, ಜಾಮೀನು ಹಾಕು ಅಂದ. ಹಾಕಿದೆ. ಕಾಗದ ಓದಲೂ ಇಲ್ಲ. ಓದಿದರೆ ಅವನಿಗೆ ಬೇಜಾರಾಗುತ್ತದೆ ಅನಿಸಿತು.

ಅವನು ಊರು ಬಿಟ್ಟ. ಕಂತು ನನ್ನ ತಲೆಗೆ ಬಂತು. ಆ ವರ್ಷ ಅಪ್ಪನ ಆಪರೇಷನ್ ಅಂತ ನಿನ್ನ ಹತ್ತಿರ ದುಡ್ಡು ತೆಗೆದುಕೊಂಡೆನಲ್ಲ, ಅದು ಇದಕ್ಕೆ. ಅಪ್ಪನಿಗೆ ಏನೂ ಆಗಿರಲಿಲ್ಲ. ನೀನು ನಿನ್ನ ಬೈಕ್ ಮಾರಿ ಕೊಟ್ಟಿದ್ದು ಅಂತ ನನಗೆ ಎರಡು ವರ್ಷ ಬಿಟ್ಟು ಗೊತ್ತಾಯಿತು. ಆಗಲೂ ಬಾಯಿ ಬಿಡಲಿಲ್ಲ. ದುಡ್ಡು ವಾಪಸ್ ಕೊಟ್ಟೆ, ನಿಜ ಕೊಡಲಿಲ್ಲ. ನೀನು ಪ್ರತಿ ಸಲ ಅಪ್ಪನ ಆರೋಗ್ಯ ಕೇಳುವಾಗ ನಾನು ಮಾತು ಬದಲಿಸುತ್ತಿದ್ದದ್ದು ಅದಕ್ಕೇ.

ಅವನು ಕೆಟ್ಟವನು ಅಂತ ಇವತ್ತಿಗೂ ಅನಿಸುವುದಿಲ್ಲ. ಬಾಕ್ಸರ್ ಥರ ಅವನ ಬೆನ್ನ ಹಿಂದೆಯೂ ಯಾರೋ ಇದ್ದಿರಬೇಕು. ಆದರೆ ಸಹಿ ಹಾಕಲಿಲ್ಲ ಅಂದಿದ್ದರೆ ನಾಳೆ ಆ ಬೆಂಚಿನ ಮೇಲೆ ಕರವಸ್ತ್ರ ಇರುವುದಿಲ್ಲ ಅನ್ನುವ ಹೆದರಿಕೆ, ಅದು ನನ್ನದು. ಅವತ್ತು ಅವನು ಜಾಮೀನಿನ ಬದಲು ಕಾರು ಓಡಿಸು ಅಂದಿದ್ದರೆ? ಶನಿವಾರದಿಂದ ಅದೇ ತಲೆಯಲ್ಲಿ ಓಡುತ್ತಿದೆ. ಓಡಿಸುತ್ತಿದ್ದೆ ಕಣೋ.

ಇಷ್ಟೆಲ್ಲ ಬರೆಯುತ್ತೇನೆ ಅಂತ ಕೂತಿರಲಿಲ್ಲ. ಸಿನಿಮಾದ ಕೊನೆ ಹೇಳಿಲ್ಲ, ನೀನೇ ನೋಡು. ಕೂತರೆ ಎದ್ದೇಳಬೇಡ, ಇದು ತುಂಡು ತುಂಡಾಗಿ ನೋಡುವಂಥದ್ದಲ್ಲ.

ಭಾನುವಾರ ಬರುತ್ತೀಯಲ್ಲ? ಬೈಯುವುದಿದ್ದರೆ ಮನೆಯ ಹೊರಗೆ ಬೈದು ಮುಗಿಸು, ಅಮ್ಮನಿಗೆ ಗೊತ್ತಿಲ್ಲ. ಹಸಿರು ಛತ್ರಿ ಮಾತ್ರ ತರಬೇಡ. ಮೂರನೇ ಇಡ್ಲಿ ಈ ಸಲ ನಿನಗೇ.

ನಿನ್ನವನೇ